ಬೀಜಗಣಿತದ ಬೀಜ

ಬಾಗಲಕೋಟೆ ಸೀಮೆಯಲ್ಲಿ ಬೀಜ ಎಂಬ ಮಾತಿಗೆ ಬಿಡುವಿಲ್ಲದಷ್ಟು ಕೆಲಸ. ಮುಂಗಾರಿಗೆ ಮೊದಲು ರೈತ ಸಂಪರ್ಕ ಕೇಂದ್ರದ ಮುಂದೆ ಪಾಳಿ ಹಚ್ಚುವುದು ಬೀಜಕ್ಕೆ. ಹೋಳಿಗೆಯೋ ಉಂಡಿಯೋ ಆಗುವುದು ಶೇಂಗಾ ಬೀಜ. ಬನಶಂಕರಿ ಜಾತ್ರೆಯ ದನದ ಪೇಟೆಯಲ್ಲಿ ಜನ ಸುತ್ತುಗಟ್ಟಿ ನೋಡುವುದು ಬೀಜದ ಹೋರಿಯನ್ನು. ಮಂತ್ರಕ್ಕೆ ಬೀಜಾಕ್ಷರ ಬೇಕು, ಜಗಳಕ್ಕೂ ಯಾರೋ ಬೀಜ ಬಿತ್ತಿರಬೇಕು. ಇಷ್ಟು ಬಳಕೆಯ ಮಾತು ಆರನೇ ಇಯತ್ತೆಯ ಪುಸ್ತಕದಲ್ಲಿ ‘ಬೀಜಗಣಿತ’ ಎಂದು ಎದುರಾದಾಗ ಮಾತ್ರ ಮಕ್ಕಳಿಗೆ ಅದರ ಗುರುತೇ ಹತ್ತುವುದಿಲ್ಲ.

ಈ ವಿದ್ಯೆಗೆ ಮೊದಲಿದ್ದ ಹೆಸರು ಬೇರೆ. ಕ್ರಿ.ಶ. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದ ಬ್ರಹ್ಮಗುಪ್ತ ಇದನ್ನೆಲ್ಲ ಸೇರಿಸಿದ ಅಧ್ಯಾಯದ ಹೆಸರು ಕುಟ್ಟಕಾಧ್ಯಾಯ. ದೊಡ್ಡ ಸಂಖ್ಯೆಗಳನ್ನು ಭಾಗಿಸುತ್ತ ಭಾಗಿಸುತ್ತ ಸಣ್ಣದು ಮಾಡಿ ಉತ್ತರ ತೆಗೆಯುವ ಕ್ರಮವೇ ಕುಟ್ಟಕ. ಒರಳಲ್ಲಿ ಮೆಣಸಿನಕಾಯಿ ಕುಟ್ಟಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ ನಮ್ಮ ಮಹಾವೀರಾಚಾರ್ಯ ಕೂಡ ‘ಕುಟ್ಟೀಕಾರ’ ಎಂದೇ ಕರೆದ. ಬ್ರಹ್ಮಗುಪ್ತನಿಗೆ ವ್ಯಾಖ್ಯಾನ ಬರೆದ ಪೃಥೂದಕಸ್ವಾಮಿಯಲ್ಲಿ ಬೀಜಗಣಿತವೆಂಬ ಹೆಸರು ಕಾಣಿಸಿತು. 1150ರಲ್ಲಿ ಭಾಸ್ಕರಾಚಾರ್ಯ ಅದೇ ಹೆಸರಿನ ಗ್ರಂಥ ಬರೆದ ಮೇಲೆ ಅದು ಬೇರೂರಿತು. ಇದರ ಇನ್ನೊಂದು ಹೆಸರು ಅವ್ಯಕ್ತ ಗಣಿತ. ಕಣ್ಣಿಗೆ ಕಾಣುವ ಸಂಖ್ಯೆ ವ್ಯಕ್ತ, ಇನ್ನೂ ಕಾಣದಿರುವುದು ಅವ್ಯಕ್ತ.

ಕಾಣದ ಸಂಖ್ಯೆಗೆ ಇಟ್ಟ ಹೆಸರುಗಳೂ ಸ್ವಾರಸ್ಯವಾಗಿವೆ. ಮೊದಲನೆಯದು ‘ಯಾವತ್ತಾವತ್’. ಅಂದರೆ ಎಷ್ಟೋ ಅಷ್ಟು. ಎರಡನೆಯದರಿಂದ ಬಣ್ಣಗಳ ಸಾಲು: ಕಾಲಕ, ನೀಲಕ, ಪೀತಕ, ಲೋಹಿತಕ. ಕಪ್ಪು, ನೀಲಿ, ಹಳದಿ, ಕೆಂಪು. ಬರೆಯುವಾಗ ಬರೀ ಮೊದಲ ಅಕ್ಷರ: ಯಾ, ಕಾ, ನೀ, ಪೀ, ಲೋ. ನಮ್ಮ ತರಗತಿಯಲ್ಲಿ ಇವರೆಲ್ಲರ ಜಾಗದಲ್ಲಿ ಎಕ್ಸ್ ಒಬ್ಬನೇ ಕುಳಿತಿದ್ದಾನೆ. “ಸರ, ಎಕ್ಸ್ ಅಂದ್ರ ಎಷ್ಟರೀ?” ಎಂದು ಕೇಳದ ಹುಡುಗನಿಲ್ಲ. “ಎಷ್ಟೈತೋ ಅಷ್ಟಪಾ, ಹುಡುಕು” ಎಂದು ಗುರುಗಳು ಗದರಿದರೆ ಅವರಿಗೇ ಅರಿವಿಲ್ಲದೆ ಯಾವತ್ತಾವತ್ ಎಂದಂತಾಯಿತು. ಗದರುವ ಬದಲು ಅದನ್ನೇ ಪಾಠವಾಗಿ ಹೇಳಿದರೆ ಅರ್ಧ ಭಯ ಅಲ್ಲಿಗೇ ಮುಗಿಯುತ್ತದೆ.

ಇಳಕಲ್ಲದ ನೇಕಾರರ ಮನೆಯ ಮಗುವಿಗೆ ಬಣ್ಣದ ಹೆಸರೂ ಗೊತ್ತು, ಲೆಕ್ಕವೂ ಗೊತ್ತು. ಅದರ ಕೈಗೆ ಮೊದಲು ಎಕ್ಸ್ ಕೊಡಬೇಕಾಗಿಲ್ಲ. ಒಂದು ಸೀರೆಯ ಕೂಲಿಗೆ ‘ಕೂ’ ಎನ್ನಲಿ, ವಾರಕ್ಕೆ ನೇಯ್ದ ಸೀರೆಗೆ ‘ಸೀ’, ಮಾಲೀಕರು ಮುಂಗಡಕ್ಕೆ ಹಿಡಿದುಕೊಳ್ಳುವ ಹಣಕ್ಕೆ ‘ಮು’. ಶನಿವಾರ ಕೈಗೆ ಬರುವುದು ಕೂ × ಸೀ − ಮು. ಪುಸ್ತಕದ ಮಾತಿನಲ್ಲಿ ಇದೊಂದು ಬೀಜೋಕ್ತಿ. ಮೂರು ಸೀರೆಯಾದವು, 500 ರೂಪಾಯಿ ಮುರಿದುಕೊಂಡರು, ಕೈಗೆ 1600 ಬಂತು ಅನ್ನೋಣ. ಕೂಲಿ ಎಷ್ಟು? ಮುರಿದದ್ದನ್ನು ತಿರುಗಿ ಕೂಡಿಸಿದರೆ 2100, ಮೂರರಿಂದ ಭಾಗಿಸಿದರೆ 700. ಸಮೀಕರಣ ಬಿಡಿಸುವುದೆಂದರೆ ಇಷ್ಟೇ. ಮುಂದಿನ ವಾರ ಸೀರೆ ಎರಡೇ ಆದರೆ ಸಂಖ್ಯೆ ಬದಲಾಗುತ್ತದೆ, ಲೆಕ್ಕದ ಹುರಿ ಬದಲಾಗುವುದಿಲ್ಲ. ‘ಸೀ’ಗೆ ಚರಾಕ್ಷರ ಎಂಬ ಹೆಸರು ಏಕೆಂದು ಆಗ ಮಗುವೇ ಹೇಳುತ್ತದೆ.

ಬಾದಾಮಿ, ಹುನಗುಂದದ ಶಾಲೆಗಳಿಗಂತೂ ಬೆಟ್ಟವೇ ಕರಿಹಲಗೆ. ಬಾದಾಮಿ ಕೋಟೆಯ ಬಂಡೆಯಲ್ಲಿ ಒಂದನೇ ಪುಲಕೇಶಿಯ ಶಾಸನವಿದೆ, ಶಕ ವರ್ಷ 465. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ ಶಾಸನವಿದೆ. ಅದರಲ್ಲಿ ಕಾಲವನ್ನು ಎರಡು ರೀತಿ ಹೇಳಿದೆ: ಭಾರತ ಯುದ್ಧದಿಂದ, ಅಂದರೆ ಕಲಿ ಲೆಕ್ಕದಲ್ಲಿ, 3735, ಶಕದಿಂದ 556. ಮಕ್ಕಳು ಒಂದರಿಂದ ಒಂದನ್ನು ಕಳೆಯಲಿ, 3179 ಬರುತ್ತದೆ. ಈಗ ಶಕ ವರ್ಷಕ್ಕೆ ‘ಶ’ ಎಂದಿಟ್ಟರೆ ಕಲಿ ವರ್ಷ ಶ + 3179. ಬಾದಾಮಿಯ ಬಂಡೆ ಹೇಳದೆ ಬಿಟ್ಟ ಕಲಿ ವರ್ಷ 3644 ಎಂದು ಹುಡುಗಿಯೊಬ್ಬಳು ಪಾಟಿಯ ಮೇಲೆ ತೆಗೆಯಬಹುದು. ಶ + 78 ಅಂದರೆ ಕ್ರಿಸ್ತ ವರ್ಷ: ಬಾದಾಮಿಯದು 543, ಐಹೊಳೆಯದು 634. ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ ಮಾತ್ರ 79 ಕೂಡಿಸಬೇಕು. ಅದೇಕೆಂದು ಮನೆಯ ಪಂಚಾಂಗ ಹರವಿಕೊಂಡು ಅವರೇ ವಾದ ಮಾಡಲಿ. ಮೇಗುತಿಯ ಶಾಸನಕ್ಕೂ ಬ್ರಹ್ಮಗುಪ್ತನ ಗ್ರಂಥಕ್ಕೂ ಇರುವ ಅಂತರ ಆರೇ ವರ್ಷವೆಂದು ಹೇಳಿದರೆ ಇತಿಹಾಸದ ಪಾಠವೂ ಆಯಿತು.

ಎಕ್ಸ್ ಬೇಡವೆಂದು ನಾನು ಹೇಳುತ್ತಿಲ್ಲ. ಹೈಸ್ಕೂಲಿಗೆ ಹೋದವರಿಗೆ, ಮುಂದೆ ಓದುವವರಿಗೆ ಎಕ್ಸ್, ವೈ ಬೇಕೇ ಬೇಕು. ಆದರೆ ಅಕ್ಷರವೇ ಬೀಜವಲ್ಲ, ಬುದ್ಧಿಯೊಂದೇ ಬೀಜ ಎಂಬರ್ಥದ ಮಾತನ್ನು ಭಾಸ್ಕರಾಚಾರ್ಯನೇ ತನ್ನ ‘ಗೋಲಾಧ್ಯಾಯ’ದಲ್ಲಿ ಹೇಳಿದ್ದಾನೆ. ನಮ್ಮ ಪಾಠಕ್ರಮ ಅಕ್ಷರದಿಂದ ಶುರುವಾಗಿ ಎಷ್ಟೋ ಸಲ ಅಲ್ಲೇ ನಿಂತುಬಿಡುತ್ತದೆ. ಹಿರಿಯ ಪ್ರಾಥಮಿಕ ಶಾಲೆಯ ಗುರುಗಳಲ್ಲಿ, ಅಕ್ಕೋರಲ್ಲಿ ಒಂದೇ ಬಿನ್ನಹ: ಈ ಸಲ ಆ ಪಾಠ ತೆರೆಯುವ ಮುಂಚೆ, ಕಾಣದ ಸಂಖ್ಯೆಗೆ ಹೆಸರಿಡುವ ಕೆಲಸವನ್ನು ಮಕ್ಕಳಿಗೇ ಬಿಡಿ. ಎಕ್ಸ್ ಆಮೇಲೆ ಬರಲಿ.