ಕಣ, ವಸ್ತಾದ ಮತ್ತು ಹೃದಯ: ಮುದ್ದೇಬಿಹಾಳ ಸೀಮೆಯ ದೇಹಬಲದ ಪಂದ್ಯಗಳ ಇತಿಹಾಸ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಮತ್ತು ಇಂಡಿ ಸೀಮೆಯಲ್ಲಿ ಜಾತ್ರೆಯೆಂದರೆ ತೇರು, ಪಲ್ಲಕ್ಕಿ, ದನದ ಸಂತೆಗಳ ಜೊತೆಗೆ ದೇಹಬಲದ ಪಂದ್ಯವೂ ಕೂಡಿದ ಆಚರಣೆಯಾಗಿದೆ. ಕುಸ್ತಿಯ ಕಣ ಕಟ್ಟುವುದು, ಸಂಗ್ರಾಣಿ ಕಲ್ಲು, ಗುಂಡುಕಲ್ಲು ಮತ್ತು ಉಸುಕಿನ ಚೀಲಗಳನ್ನು ಎತ್ತುವುದು, ನಾಗರ ಪಂಚಮಿಯ ದಿನ ಪಂಥ ಕಟ್ಟಿ ಜೋಳದ ಚೀಲ ಹೊತ್ತು ನಡೆಯುವುದು ಇವೆಲ್ಲ ಈ ಎರೆಭೂಮಿಯ ಒಕ್ಕಲುತನದ ಬದುಕಿನಿಂದಲೇ ಹುಟ್ಟಿದ ಆಟಗಳು. ಇವುಗಳ ಚರಿತ್ರೆಯನ್ನು ಗೆದ್ದ ಪೈಲ್ವಾನರ ಹೆಸರು ಮತ್ತು ಅವರಿಗೆ ತೊಡಿಸಿದ ಬೆಳ್ಳಿ ಕಡಗಗಳ ಮೂಲಕ ಹೇಳುವುದು ವಾಡಿಕೆ. ಅದೇ ಚರಿತ್ರೆಯನ್ನು, ಪಂದ್ಯದ ನಡುವೆ ದೇಹ ಕೈಕೊಡುವ ಅಪಾಯವನ್ನು ಆಯಾ ಕಾಲದವರು ಹೇಗೆ ಅರಿತಿದ್ದರು ಮತ್ತು ಅದಕ್ಕೆ ಏನು ವ್ಯವಸ್ಥೆ ಮಾಡಿಕೊಂಡಿದ್ದರು ಎಂಬ ದಿಕ್ಕಿನಿಂದ ನೋಡಿದರೆ, ಹಳೆಯ ಕಣಕ್ಕೆ ತನ್ನದೇ ಆದ ಕಾವಲು ಇತ್ತೆಂಬುದೂ, ಆ ಕಾವಲು ಮೈಕಟ್ಟು ಮತ್ತು ಉಸಿರಿನ ಮಟ್ಟದಲ್ಲಿ ನಿಂತು ಹೃದಯದವರೆಗೆ ಇಳಿದಿರಲಿಲ್ಲವೆಂಬುದೂ ತಿಳಿದುಬರುತ್ತದೆ.

ಇಂದಿನ ಇಂಡಿ, ಸಿಂದಗಿ ಭಾಗಗಳು ಹನ್ನೆರಡನೆಯ ಶತಮಾನದಲ್ಲಿ ತರ್ದವಾಡಿ ಸಾಸಿರವೆಂಬ ನಾಡಿನಲ್ಲಿ ಸೇರಿ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಒಳಪಟ್ಟಿದ್ದವು. ಆ ವಂಶದ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಮೀಸಲಾದ ಭಾಗವಿದ್ದು, ಅಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ, ನೈಪುಣ್ಯ ಮತ್ತು ತಾಳಿಕೆಗಳಿಗೆ ಅನುಗುಣವಾಗಿ ವಿಂಗಡಿಸಲಾಗಿದೆ, ಅವರ ಆಹಾರವನ್ನು ಹೇಳಲಾಗಿದೆ, ಮರಳಿನ ಚೀಲ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂದು ಸಾಧನೆಯ ಬಗೆಗಳನ್ನು ಹೆಸರಿಸಲಾಗಿದೆ. ಭಾರಶ್ರಮದ ಮರಳಿನ ಚೀಲಕ್ಕೂ ಇಂದಿನ ಜಾತ್ರೆಯ ಉಸುಕಿನ ಚೀಲಕ್ಕೂ ನೇರ ಸಂಬಂಧ ಕಲ್ಪಿಸುವುದು ಆತುರವಾದೀತು; ಆದರೆ ಎಲ್ಲರನ್ನೂ ಎಲ್ಲರೊಡನೆ ಹೋರಾಡಲು ಬಿಡಬಾರದೆಂಬ ವಿವೇಕ ಎಂಟು ನೂರು ವರ್ಷಗಳ ಹಿಂದೆಯೇ ಗ್ರಂಥಸ್ಥವಾಗಿತ್ತೆಂಬುದು ಗಮನಾರ್ಹ.

ಅದಕ್ಕೂ ಹಿಂದಿನ ಆಯುರ್ವೇದ ಪರಂಪರೆ ಇನ್ನೂ ಹತ್ತಿರದ ಮಾತನ್ನು ಆಡಿದೆ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂದು ವಿಧಿಸುವ ಸುಶ್ರುತ ಸಂಹಿತೆ, ಆ ಬಲಾರ್ಧವನ್ನು ಗುರುತಿಸುವ ಲಕ್ಷಣವಾಗಿ ಹೃದಯದಲ್ಲಿ ನೆಲೆಸಿರುವ ವಾಯು ಬಾಯಿಗೆ ಬರತೊಡಗುವುದನ್ನು, ಎಂದರೆ ಬಾಯಿಂದ ಉಸಿರಾಡುವ ಸ್ಥಿತಿಯನ್ನು ಹೇಳುತ್ತದೆ. ವಾಗ್ಭಟನ ‘ಅಷ್ಟಾಂಗಹೃದಯ’ವು ಅತಿಯಾದ ಶ್ರಮದಲ್ಲಿ ತೊಡಗುವವನನ್ನು ಆನೆಯನ್ನು ಎಳೆಯಲು ಹೋಗಿ ನಾಶವಾಗುವ ಸಿಂಹಕ್ಕೆ ಹೋಲಿಸಿದೆ. ಬಲಿಷ್ಠನೇ ಹೀಗೆ ಹಠಾತ್ತನೆ ಅಳಿಯಬಲ್ಲನೆಂಬ ಅರಿವು ಈ ಹೋಲಿಕೆಯಲ್ಲಿ ಅಡಗಿದೆ. ಆದರೆ ಪಂದ್ಯದ ಕಣದಲ್ಲಿ ಅರ್ಧಬಲಕ್ಕೆ ನಿಲ್ಲುವವನು ಸೋಲುತ್ತಾನೆ. ವೈದ್ಯಶಾಸ್ತ್ರದ ಮಿತಿಗೂ ಪಂದ್ಯದ ಹಟಕ್ಕೂ ನಡುವಿನ ಈ ವಿರೋಧ ಅಂದಿನಿಂದ ಇಂದಿನವರೆಗೆ ಬಗೆಹರಿದಿಲ್ಲ.

ಸುಮಾರು 1520ರಲ್ಲಿ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಜಟ್ಟಿಗಳು ಹಲ್ಲು ಮುರಿಯುವಂತೆ, ಕಣ್ಣು ಕೀಳುವಂತೆ ಹೊಡೆದಾಡುತ್ತಿದ್ದುದನ್ನೂ, ಮಾತು ನಿಂತುಹೋದವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಅವರಲ್ಲಿ ಯಾರು ಪೆಟ್ಟಿನಿಂದ ಬಿದ್ದರು, ಯಾರ ಹೃದಯ ನಿಂತಿತು ಎಂದು ಬೇರ್ಪಡಿಸುವ ಜ್ಞಾನ ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ. ಪಯಸ್ ಕಂಡ ಆ ವೈಭವ 1565ರಲ್ಲಿ ಇದೇ ಮುದ್ದೇಬಿಹಾಳ ಸೀಮೆಯ ಕೃಷ್ಣಾ ತೀರದಲ್ಲಿ, ರಕ್ಕಸಗಿ-ತಂಗಡಗಿ ಅಥವಾ ತಾಳಿಕೋಟೆಯ ಕಾಳಗವೆಂದು ಪ್ರಸಿದ್ಧವಾದ ಯುದ್ಧದಲ್ಲಿ ಮುರಿದುಬಿತ್ತು.

ಇಂದು ಪರಿಚಿತವಾಗಿರುವ ಕುಸ್ತಿಯ ರೂಪ ಈ ಸೀಮೆಯಲ್ಲಿ ಬೆಳೆದದ್ದು ಮರಾಠಾ ಸಂಸ್ಥಾನಗಳ ನೆರಳಿನಲ್ಲಿ. 1956ರವರೆಗೆ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆ ಮುಂಬಯಿ ಪ್ರಾಂತದ ಭಾಗವಾಗಿದ್ದುದರಿಂದ ಇಲ್ಲಿಯ ಪೈಲ್ವಾನರ ನೋಟ ಮೈಸೂರಿನ ಕಡೆಗಿಂತ ಹೆಚ್ಚಾಗಿ ಕೊಲ್ಲಾಪುರ, ಸಾಂಗಲಿ, ಮಿರಜಗಳ ಕಡೆಗಿತ್ತು; ಶಾಹೂ ಮಹಾರಾಜರ ಆಶ್ರಯದಲ್ಲಿ 1912ರಲ್ಲಿ ಸಿದ್ಧವಾದ ಕೊಲ್ಲಾಪುರದ ಖಾಸಬಾಗ ಮೈದಾನ ಈ ಭಾಗದ ಕುಸ್ತಿಪಟುಗಳಿಗೆ ದೊಡ್ಡ ಕನಸಾಗಿತ್ತು. ಗರಡಿಮನೆಯ ಗುರುವನ್ನು ವಸ್ತಾದನೆಂದೂ ಸಾಧನೆಯನ್ನು ತಾಲೀಮೆಂದೂ ಕರೆಯುವ ರೂಢಿ ಆ ಸಂಪರ್ಕದ ಗುರುತು. ಇಲ್ಲಿ ಮೆಚ್ಚಿನ ಪದ್ಧತಿಯಾದ ಜಂಗೀ ನಿಕಾಲಿ ಕುಸ್ತಿಯಲ್ಲಿ ಅಂಕಗಳ ಲೆಕ್ಕವಾಗಲಿ ಸುತ್ತುಗಳ ವಿರಾಮವಾಗಲಿ ಇಲ್ಲ. ಒಬ್ಬನ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವವರೆಗೆ, ಅಂದರೆ ನಿಕಾಲಿ ಆಗುವವರೆಗೆ, ಹೋರಾಟ ನಡೆಯುತ್ತದೆ. ಹಲಗಿಯ ಸದ್ದು, ಊರಿನ ಮಾನ, ಸುತ್ತ ಸೇರಿದ ಸಾವಿರಾರು ಜನರ ಕೂಗು, ಇವು ದಣಿದ ದೇಹವನ್ನು ಇನ್ನಷ್ಟು ಹೊತ್ತು ನಿಲ್ಲಿಸುತ್ತವೆ.

ಇಂಥ ಪದ್ಧತಿ ಅಪಾಯವನ್ನು ತಡೆಯಲು ಅವಲಂಬಿಸಿದ್ದು ವಸ್ತಾದನ ಕಣ್ಣನ್ನು. ಸಣ್ಣ ಹುಡುಗರನ್ನು ತೆಂಗಿನಕಾಯಿಯ ಬಹುಮಾನಕ್ಕೆ ಮೊದಲು ಬಿಟ್ಟು ಕೊನೆಯಲ್ಲಿ ದೊಡ್ಡ ಪೈಲ್ವಾನರ ಜೋಡಿ ಹಚ್ಚುವುದು, ಹಾಗೆ ಹಚ್ಚುವಾಗ ಇಬ್ಬರ ಕೈ ಹಿಡಿಸಿ ಮೈಕಟ್ಟು ತೂಗಿ ನೋಡುವುದು, ಬಲಾಬಲ ಸಮವಾಗಿ ಹೊತ್ತು ಬಹಳವಾದರೆ ಇಬ್ಬರ ಕೈಯನ್ನೂ ಎತ್ತಿ ಸಮಸಮವೆಂದು ಬಿಡಿಸುವುದು ಕಣದ ತೀರ್ಪುಗಾರರಾದ ಪಂಚರ ಅಧಿಕಾರವಾಗಿತ್ತು. ವರ್ಷಗಟ್ಟಲೆ ಒಬ್ಬ ಹುಡುಗನ ದಂಡ-ಬೈಠಕ್‌ಗಳನ್ನು ನೋಡಿದ ವಸ್ತಾದನಿಗೆ ಅವನ ದಮ್ಮು, ಎಂದರೆ ಉಸಿರಿನ ತಾಳಿಕೆ, ಎಷ್ಟೆಂಬುದು ಯಾವ ಯಂತ್ರಕ್ಕೂ ಕಡಿಮೆಯಿಲ್ಲದಂತೆ ಗೊತ್ತಿರುತ್ತಿತ್ತು. ಗೊತ್ತಾಗದೆ ಉಳಿಯುತ್ತಿದ್ದುದು ಒಂದೇ: ದಮ್ಮಿನಲ್ಲಿ ಯಾವ ಕೊರತೆಯೂ ಕಾಣದ ಹುಡುಗನ ಹೃದಯದಲ್ಲಿ ಹುಟ್ಟಿನಿಂದಲೇ ಇರಬಹುದಾದ ದೋಷ.

ಈ ದೋಷವನ್ನು ವಿವರಿಸಲು ಹೃದಯ ಸ್ತಂಭನ ಮತ್ತು ಹೃದಯಾಘಾತಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಹೃದಯಕ್ಕೆ ರಕ್ತ ಒದಗಿಸುವ ನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗ ಸಾಯತೊಡಗುವುದು ಹೃದಯಾಘಾತ. ಹೃದಯದ ವಿದ್ಯುತ್ ಲಯ ಕೆಟ್ಟು, ಕೆಳಗಿನ ಕೋಣೆಗಳು ರಕ್ತ ಒತ್ತುವುದನ್ನು ಬಿಟ್ಟು ಬರಿದೇ ಅದುರತೊಡಗಿ, ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುವುದು ಹಠಾತ್ ಹೃದಯ ಸ್ತಂಭನ. ಮೂವತ್ತೈದು ದಾಟಿದ ಕ್ರೀಡಾಪಟುಗಳಲ್ಲಿ ಮೊದಲನೆಯದೇ ಎರಡನೆಯದಕ್ಕೆ ಮುಖ್ಯ ಕಾರಣವಾಗುತ್ತದೆ. ಅದಕ್ಕಿಂತ ಕಿರಿಯರಲ್ಲಿ ಹೃದಯದ ಗೋಡೆ ಅಸಹಜವಾಗಿ ದಪ್ಪವಾಗುವ ಹೈಪರ್ಟ್ರೋಫಿಕ್ ಕಾರ್ಡಿಯೋಮಯೋಪತಿ, ವಿದ್ಯುತ್ ಲಯದ ಆನುವಂಶಿಕ ದೋಷಗಳು, ರಕ್ತನಾಳದ ಹುಟ್ಟು ನ್ಯೂನತೆ, ವೈರಾಣು ಜ್ವರದ ಬಳಿಕ ಸ್ನಾಯುವಿನಲ್ಲಿ ಉಳಿಯುವ ಉರಿಯೂತ ಇವು ಕಾರಣಗಳು. ಉಸಿರು ಬಿಗಿಹಿಡಿದು ಭಾರ ಎತ್ತುವಾಗ ರಕ್ತದ ಒತ್ತಡ ಕ್ಷಣಕಾಲ 300 ಮಿ.ಮೀ. ದಾಟಿದ್ದು ಪ್ರಯೋಗಗಳಲ್ಲಿ ದಾಖಲಾಗಿದೆ. ಆರೋಗ್ಯವಂತ ಹೃದಯ ಅದನ್ನು ತಾಳಿಕೊಳ್ಳುತ್ತದೆ, ದೋಷವಿರುವ ಹೃದಯ ತಾಳದೆ ಹೋಗಬಹುದು. ಗುಂಡುಕಲ್ಲನ್ನು ಎದೆಗೇರಿಸುವ ಕ್ಷಣ ಅಂಥದ್ದು.

ಸಾಧನೆಯಿಂದ ಹೃದಯ ಹಿಗ್ಗುತ್ತದೆಂಬುದನ್ನು 1899ರಲ್ಲಿ ಸ್ವೀಡನ್ನಿನ ವೈದ್ಯ ಹೆನ್‌ಶೆನ್, ಹಿಮದ ಮೇಲೆ ಜಾರುವ ಸ್ಪರ್ಧಿಗಳ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿಯೇ ಗುರುತಿಸಿದ್ದನು. ಹಾಗೆ ಹಿಗ್ಗಿದ ಆರೋಗ್ಯವಂತ ಹೃದಯವನ್ನೂ ರೋಗದಿಂದ ದಪ್ಪವಾದ ಹೃದಯವನ್ನೂ ಬೇರ್ಪಡಿಸುವುದು ಮುಂದಿನ ಶತಮಾನದ ಕೆಲಸವಾಯಿತು. 1958ರಲ್ಲಿ ಲಂಡನ್ನಿನ ಡೊನಾಲ್ಡ್ ಟಿಯರ್ ಹಠಾತ್ತನೆ ಸತ್ತ ಯುವಕರ ಹೃದಯಗಳನ್ನು ಪರೀಕ್ಷಿಸಿ ಎರಡನೆಯದನ್ನು ಸ್ಪಷ್ಟವಾಗಿ ವರ್ಣಿಸಿದನು. 2009ರಲ್ಲಿ ಭಾರತೀಯ ವಿಜ್ಞಾನಿಗಳೂ ಸೇರಿದ ತಂಡವೊಂದು, ಹೃದಯ ಸ್ನಾಯುವಿನ ಪ್ರೋಟೀನೊಂದರ ವಂಶವಾಹಿಯಲ್ಲಿ ದೋಷವೊಂದು ದಕ್ಷಿಣ ಏಷ್ಯಾದ ಜನರಲ್ಲಿ ಶೇಕಡಾ 4ರಷ್ಟು ಮಂದಿಗೆ ಇದೆಯೆಂದು ತೋರಿಸಿತು. ಅದನ್ನು ಹೊತ್ತವರೆಲ್ಲ ರೋಗಿಗಳಾಗುವುದಿಲ್ಲ. ಆದರೆ ತಾಯಿ ತಂದೆ ಇಬ್ಬರಿಂದಲೂ ಅದನ್ನು ಪಡೆದ ಮಕ್ಕಳಲ್ಲಿ ರೋಗ ತೀವ್ರವಾಗಿರುತ್ತದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಬಲವಾಗಿರುವ ಉತ್ತರ ಕರ್ನಾಟಕದಲ್ಲಿ ಈ ಮಾತನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ನಿಂತ ಹೃದಯವನ್ನು ಮತ್ತೆ ನಡೆಸಬಹುದೆಂಬ ತಿಳಿವಳಿಕೆ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. 1947ರಲ್ಲಿ ಅಮೆರಿಕದ ಶಸ್ತ್ರವೈದ್ಯ ಕ್ಲಾಡ್ ಬೆಕ್, ತೆರೆದ ಎದೆಯೊಳಗಿನ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬಾಲಕನೊಬ್ಬನನ್ನು ಬದುಕಿಸಿದನು. 1956ರಲ್ಲಿ ಪಾಲ್ ಝೋಲ್ ಅದನ್ನು ಎದೆಯ ಹೊರಗಿನಿಂದಲೇ ಮಾಡಿ ತೋರಿಸಿದನು. 1960ರಲ್ಲಿ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಬರಿಗೈಯಿಂದ ಎದೆ ಒತ್ತಿ ರಕ್ತ ಸಂಚಾರ ಉಳಿಸುವ ಕ್ರಮವನ್ನು ಪ್ರಕಟಿಸಿದರು. ಈಗ ಸಿ.ಪಿ.ಆರ್. ಎಂದು ಕರೆಯಲಾಗುವ ಈ ಕ್ರಮವೂ, ಲಯವನ್ನು ತಾನೇ ಅಳೆದು ಬೇಕಿದ್ದರೆ ಮಾತ್ರ ಆಘಾತ ನೀಡುವ ಎ.ಇ.ಡಿ. ಎಂಬ ಸಣ್ಣ ಪೆಟ್ಟಿಗೆಯೂ ಸೇರಿದರೆ ಮೈದಾನದಲ್ಲೇ ಜೀವ ಉಳಿಯಬಹುದು. ಇವೆರಡೂ ಇಲ್ಲದೆ ಕಳೆಯುವ ಪ್ರತಿ ನಿಮಿಷವೂ ಬದುಕುವ ಸಾಧ್ಯತೆಯನ್ನು ಶೇಕಡಾ 7ರಿಂದ 10ರಷ್ಟು ಕಡಿಮೆ ಮಾಡುತ್ತದೆ.

ಕರ್ನಾಟಕದ ಕ್ರೀಡಾ ಚರಿತ್ರೆಯಲ್ಲಿ ಈ ವಿಷಯ ಸಾರ್ವಜನಿಕ ಚರ್ಚೆಗೆ ಬಂದದ್ದು 2004ರ ಡಿಸೆಂಬರ್ 5ರಂದು. ಅಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫೆಡರೇಷನ್ ಕಪ್ ಫುಟ್‌ಬಾಲ್ ಅಂತಿಮ ಪಂದ್ಯದಲ್ಲಿ, ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಮೋಹನ್ ಬಾಗಾನ್ ವಿರುದ್ಧ ತನ್ನ ಎರಡನೆಯ ಗೋಲನ್ನು ಹೊಡೆಯುವಾಗ ಎದುರಾಳಿ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಬಿದ್ದನು ಮತ್ತು ಮತ್ತೆ ಏಳಲಿಲ್ಲ. ಸಾವಿಗೆ ಹೃದಯ ಸ್ತಂಭನ ಕಾರಣವೆಂದು ವರದಿಯಾಯಿತು; ಮೈದಾನದಲ್ಲಿ ತಕ್ಕ ವೈದ್ಯಕೀಯ ಸಿದ್ಧತೆ ಇರಲಿಲ್ಲವೆಂಬ ಟೀಕೆ ದೇಶದಾದ್ಯಂತ ಕೇಳಿಬಂದಿತು. ಆದರೂ 2012ರ ಮಾರ್ಚ್ 21ರಂದು ಅದೇ ನಗರದ ಲೀಗ್ ಪಂದ್ಯವೊಂದರಲ್ಲಿ ಕುಸಿದ ಸ್ಥಳೀಯ ಯುವ ಆಟಗಾರನೊಬ್ಬನನ್ನು ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು, ಅವನು ಉಳಿಯಲಿಲ್ಲ. ಅದಕ್ಕೆ ಕೇವಲ ನಾಲ್ಕು ದಿನ ಮೊದಲು ಲಂಡನ್ನಿನಲ್ಲಿ ಫ್ಯಾಬ್ರಿಸ್ ಮುಆಂಬಾ ಎಂಬ ಆಟಗಾರ ಆಟದ ನಡುವೆ ಕುಸಿದು, ಅವನ ಹೃದಯ 78 ನಿಮಿಷ ತಾನಾಗಿ ಬಡಿಯದಿದ್ದರೂ, ನಿರಂತರ ಎದೆ ಒತ್ತುವಿಕೆ ಮತ್ತು ವಿದ್ಯುತ್ ಆಘಾತಗಳಿಂದ ಬದುಕಿಕೊಂಡಿದ್ದನು. ಎರಡೂ ಘಟನೆಗಳಿಗೆ ಬೇರೆ ಬೇರೆ ವೈದ್ಯಕೀಯ ಕಾರಣಗಳಿದ್ದಿರಬಹುದು; ಮೈದಾನದ ಅಂಚಿನಲ್ಲಿ ಇದ್ದ ಸಿದ್ಧತೆಯ ಅಂತರವಂತೂ ಎಲ್ಲರಿಗೂ ಕಾಣುವಂತಿತ್ತು.

ಮುಂಚಿತ ತಪಾಸಣೆಯ ವಿಷಯದಲ್ಲಿ ಇಟಲಿಯ ಅನುಭವವನ್ನು ಹೆಚ್ಚಾಗಿ ಉದಾಹರಿಸಲಾಗುತ್ತದೆ. ಅಲ್ಲಿ 1982ರಿಂದ ಸ್ಪರ್ಧೆಗಿಳಿಯುವ ಪ್ರತಿಯೊಬ್ಬನಿಗೂ ಇ.ಸಿ.ಜಿ. ಸಹಿತ ಪರೀಕ್ಷೆ ಕಡ್ಡಾಯವಾಯಿತು, ಮತ್ತು ವೆನೆಟೊ ಪ್ರಾಂತದ ಯುವ ಕ್ರೀಡಾಪಟುಗಳಲ್ಲಿ ಹಠಾತ್ ಹೃದಯ ಮರಣದ ಪ್ರಮಾಣ 2004ರ ಹೊತ್ತಿಗೆ ಶೇಕಡಾ 89ರಷ್ಟು ಇಳಿಯಿತೆಂದು 2006ರ ಅಧ್ಯಯನವೊಂದು ತಿಳಿಸಿತು. ಇದನ್ನು ಒಪ್ಪದವರೂ ಇದ್ದಾರೆ. ಪರೀಕ್ಷೆಯೆಂಬುದು ಎಲ್ಲ ದೋಷಗಳನ್ನು ಹಿಡಿಯುವುದಿಲ್ಲ: ವರ್ಷವರ್ಷವೂ ತಪಾಸಣೆಗೆ ಒಳಗಾಗುತ್ತಿದ್ದ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ 2021ರ ಜೂನ್ 12ರಂದು ಕೋಪನ್‌ಹೇಗನ್ನಿನ ಮೈದಾನದಲ್ಲಿ ಕುಸಿದಾಗ ಅವನನ್ನು ಉಳಿಸಿದ್ದು ಹಿಂದಿನ ವರದಿಗಳಲ್ಲ, ಮೈದಾನದಲ್ಲೇ ಸಿಕ್ಕ ಸಿ.ಪಿ.ಆರ್. ಮತ್ತು ಆಘಾತ.

ಮತ್ತೆ ಮುದ್ದೇಬಿಹಾಳ ಸೀಮೆಗೆ ಬಂದರೆ, ಕಳೆದ ಕೆಲವು ದಶಕಗಳಲ್ಲಿ ಪಂದ್ಯಗಳ ಸ್ವರೂಪವೇ ಬದಲಾಗಿರುವುದು ಕಾಣುತ್ತದೆ. ಗರಡಿಮನೆಗಳು ತೆಳುವಾಗಿ ಜಿಮ್‌ಗಳು ಬಂದಿವೆ; ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು, ವಿಜಯಪುರದ ವೃಕ್ಷಥಾನ್‌ನಂಥ ದೂರದ ಓಟಗಳು, ಈ ಜಿಲ್ಲೆಗೆ ಹೆಸರು ತಂದ ಸೈಕಲ್ ಸ್ಪರ್ಧೆಗಳು ಹುಡುಗರನ್ನು ಸೆಳೆಯುತ್ತಿವೆ. ಜನಸಂದಣಿ, ಬಹುಮಾನ, ಊರಿನ ಹಟ ಹಾಗೆಯೇ ಉಳಿದು, ವರ್ಷಗಟ್ಟಲೆ ಒಬ್ಬನನ್ನೇ ಕಂಡಿದ್ದ ವಸ್ತಾದನ ಕಣ್ಣು ಮಾತ್ರ ಮರೆಯಾಗಿದೆ. ಅದು ಹೋದ ಜಾಗದಲ್ಲಿ ವೈದ್ಯನ ಕಣ್ಣು ಇನ್ನೂ ಬಂದು ಕೂತಿಲ್ಲ. ಬಿದ್ದವನಿಗೆ ನೀರು ಚಿಮುಕಿಸುವುದು, ಉಳ್ಳಾಗಡ್ಡಿ ಮೂಸಿಸುವುದು, ಕೈಯಲ್ಲಿ ಕಬ್ಬಿಣದ ಕೀಲಿಕೈ ಇಡುವುದು ಈಗಲೂ ಮೊದಲ ಚಿಕಿತ್ಸೆಯಾಗಿ ಉಳಿದಿವೆ. ಹೃದಯ ನಿಂತವನು ಕೆಲವು ಕ್ಷಣ ಕೈಕಾಲು ಸೆಳೆಯಬಹುದು, ಬಾಯ್ದೆರೆದು ಅಂತರ ಅಂತರವಾಗಿ ಏದುಸಿರು ಬಿಡಬಹುದು. ಅದನ್ನು ಮೂರ್ಛೆರೋಗವೆಂದೋ ಉಸಿರಾಟ ಸರಿಯಿದೆಯೆಂದೋ ತಪ್ಪಾಗಿ ತಿಳಿಯುವುದರಲ್ಲೇ ಅಮೂಲ್ಯ ನಿಮಿಷಗಳು ಕಳೆಯುತ್ತವೆ.

ಸರ್ಕಾರದ ಕಡೆಯಿಂದ ಕೆಲಸ ನಡೆದಿಲ್ಲವೆಂದಲ್ಲ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ ಆರಂಭವಾಯಿತು. 2021ರ ಅಕ್ಟೋಬರ್ 29ರಂದು, ವ್ಯಾಯಾಮಕ್ಕೆ ಹೆಸರಾಗಿದ್ದ ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ನಿಧನರಾದ ಬಳಿಕ ಗಟ್ಟಿಮುಟ್ಟಾದ ದೇಹದೊಳಗಿನ ಹೃದಯದ ಬಗ್ಗೆ ಹಳ್ಳಿಹಳ್ಳಿಗಳಲ್ಲಿ ಮಾತು ಹುಟ್ಟಿತು. 2023ರಲ್ಲಿ ಅವರ ಹೆಸರಿನಲ್ಲೇ ಆರಂಭವಾದ ಹೃದಯ ಜ್ಯೋತಿ ಯೋಜನೆ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸುವ ಏರ್ಪಾಡನ್ನು ತಂದಿತು. ಹೃದಯಾಘಾತಕ್ಕೆ ಇದು ದೊಡ್ಡ ನೆರವು. ಕಣದಲ್ಲಿ ನಿಂತ ಹೃದಯಕ್ಕೆ ಮಾತ್ರ ಆಸ್ಪತ್ರೆ ತಲುಪುವಷ್ಟು ಬಿಡುವಿರುವುದಿಲ್ಲ. ಮುದ್ದೇಬಿಹಾಳದಿಂದ ವಿಜಯಪುರದ ವೈದ್ಯಕೀಯ ಕಾಲೇಜುಗಳಿಗೆ ಸುಮಾರು 80 ಕಿಲೋಮೀಟರ್ ದೂರವಿದೆ.

ಆದ್ದರಿಂದ ಬೆಳ್ಳಿ ಗದೆಗೆ ವರ್ಗಣಿ ಎತ್ತುವ ಜಾತ್ರಾ ಕಮಿಟಿಗಳು ಅದೇ ವರ್ಗಣಿಯಲ್ಲಿ ಒಂದು ಎ.ಇ.ಡಿ. ಪೆಟ್ಟಿಗೆಯನ್ನು ಕೊಳ್ಳುವುದು ಅಥವಾ ಬಾಡಿಗೆಗೆ ತರುವುದು, ಕಣದ ಪಂಚರಲ್ಲಿ ಇಬ್ಬರಿಗಾದರೂ ಎದೆ ಒತ್ತುವ ತರಬೇತಿ ಕೊಡಿಸುವುದು ಆಗಬೇಕಾದ ಕೆಲಸ. ಜೋಡಿ ಹಚ್ಚುವ ಮೊದಲು ಪ್ರತಿಯೊಬ್ಬ ಪೈಲ್ವಾನನಿಗೂ ಮೂರು ಪ್ರಶ್ನೆ ಕೇಳುವುದಕ್ಕೆ ಖರ್ಚೇ ಇಲ್ಲ: ಆಡುವಾಗ ಎಂದಾದರೂ ಎಚ್ಚರ ತಪ್ಪಿದ್ದುಂಟೇ, ದಣಿದಾಗ ಎದೆ ಹಿಡಿದಂತಾಗುತ್ತದೆಯೇ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದಾರೆಯೇ? ಒಂದಕ್ಕಾದರೂ ಹೌದೆಂದವನನ್ನು ಇ.ಸಿ.ಜಿ. ಆಗಿ ವೈದ್ಯರು ಒಪ್ಪುವವರೆಗೆ ಆ ವರ್ಷದ ಕಣಕ್ಕೆ ಇಳಿಸಬಾರದು.