ಸೀಮೆಎಣ್ಣೆಯ ಸೀಮೆ ಯಾವುದು?

ಗಜೇಂದ್ರಗಡದ ಗುಡ್ಡದ ಮೇಲೆ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದೆವು. ಕೆಳಗೆ ಊರು, ಹಿಂದೆ ಕೋಟೆ, ಕಣ್ಣು ಹಾಯಿಸಿದ ಕಡೆಯೆಲ್ಲ ಗಾಳಿಯಂತ್ರಗಳು. ಕುರಿ ಕಾಯ್ತಾ ಬಂದ ಹಿರಿಯರೊಬ್ಬರು ನಮ್ಮ ಮೈಕು ನೋಡಿ ನಿಂತರು. ‘ಪಂಕಾ ನಮ್ಮ ಗುಡ್ಡದ ಮ್ಯಾಲೆ ತಿರಗತಾವು. ನಮ್ಮ ಹೊಲಕ್ಕ ತ್ರೀಫೇಸ್ ಕರೆಂಟು ನಡುರಾತ್ರ್ಯಾಗ ಬರತೈತಿ. ಇದೆಂಥಾ ಲೆಕ್ಕೋ ತಮ್ಮಾ?’ ಅಂದರು.

ಸ್ಟುಡಿಯೋದಲ್ಲಿ ಕೂತು ಮಂತ್ರಿಗಳಿಗೆ ಪ್ರಶ್ನೆ ಹಾಕುವ ನಾನು ಅಲ್ಲಿ ಉತ್ತರವಿಲ್ಲದೆ ನಿಂತೆ. ಆಮೇಲೆ ಆ ಲೆಕ್ಕ ಹುಡುಕಿಕೊಂಡು ಹೋದರೆ ಅದು ಕೋಟೆಯನ್ನೂ ದಾಟಿ, ಕೋಟಿ ಕೋಟಿ ವರ್ಷ ಹಿಂದಕ್ಕೆ ಹೋಯಿತು.

ಮೊದಲು ಕೋಟೆಯ ಕಾಲಕ್ಕೇ ಬನ್ನಿ. 1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ಒಪ್ಪಂದ ಆಯಿತಲ್ಲ, ಅದಕ್ಕೆ ಇತಿಹಾಸದಲ್ಲಿ ಗಜೇಂದ್ರಗಡ ಒಪ್ಪಂದ ಅಂತಲೇ ಹೆಸರು. ಆ ದಿನಗಳಲ್ಲಿ ಎರಡೂ ಕಡೆ ಸಾವಿರಾರು ಸೈನಿಕರು ಬೀಡುಬಿಟ್ಟಿದ್ದರು. ಅವರ ಅನ್ನ ಬೆಂದಿದ್ದು ಕಟ್ಟಿಗೆ, ಕುಳ್ಳಿನ ಮೇಲೆ. ದೀಪ ಉರಿದಿದ್ದು ಗಾಣದ ಎಣ್ಣೆಯಲ್ಲಿ. ತೋಪು ಎಳೆದಿದ್ದು ಎತ್ತು. ಇಡೀ ಯುದ್ಧದಲ್ಲಿ ಒಂದು ಹನಿ ಪೆಟ್ರೋಲು, ಡೀಸೆಲ್ಲು ಖರ್ಚಾಗಿಲ್ಲ! ಆದರೆ ಅದಕ್ಕೆ 13 ವರ್ಷ ಮೊದಲೇ, 1774ರಲ್ಲಿ, ಬಂಗಾಳದ ರಾಣಿಗಂಜ್‌ನಲ್ಲಿ ಕಂಪನಿ ಸರ್ಕಾರದ ಕಾಲದ ಮೊದಲ ಕಲ್ಲಿದ್ದಲು ಗಣಿ ಶುರುವಾಗಿತ್ತು. ಟಿಪ್ಪುವೂ ಮರಾಠರೂ ನಾಡಿನ ಗಡಿಗಾಗಿ ಬಡಿದಾಡ್ತಿದ್ದಾಗ, ಮುಂದಿನ ನೂರು ವರ್ಷ ಆಳುವ ಶಕ್ತಿಯನ್ನ ಬ್ರಿಟಿಷರು ನೆಲದಡಿಯಿಂದ ಅಗೆಯೋಕೆ ಶುರುಮಾಡಿದ್ದರು.

ಏನಿದು ಕಲ್ಲಿದ್ದಲು? ಕಲ್ಲಲ್ಲ, ಕಾಡು. ನಮ್ಮ ದೇಶದ ಬಹುಪಾಲು ಕಲ್ಲಿದ್ದಲು ಹುಟ್ಟಿದ್ದು ಸುಮಾರು 25ರಿಂದ 30 ಕೋಟಿ ವರ್ಷ ಹಿಂದೆ. ಜೌಗು ನೆಲದಲ್ಲಿ ಬೆಳೆದ ಗಿಡಮರ ನಿಂತ ನೀರಿಗೆ ಬಿದ್ದವು. ಅಲ್ಲಿ ಗಾಳಿಯಾಡದೆ ಪೂರ್ತಿ ಕೊಳೆಯಲಿಲ್ಲ. ಮೇಲೆ ಕೆಸರು, ಮರಳು ಪದರ ಪದರವಾಗಿ ಕೂತು, ಭಾರಕ್ಕೂ ಕಾವಿಗೂ ಸಿಕ್ಕಿ ಮೊದಲು ಪೀಟ್, ಆಮೇಲೆ ಲಿಗ್ನೈಟ್, ಕೊನೆಗೆ ಕಲ್ಲಿದ್ದಲಾಯಿತು. ಪೆಟ್ರೋಲಿಯಂ ಕಥೆ ಬೇರೆ. ಡೈನೋಸಾರ್ ಸತ್ತು ಪೆಟ್ರೋಲ್ ಆಯ್ತು ಅಂತ ಬಹಳ ಜನ ನಂಬಿದ್ದಾರೆ, ಅದು ತಪ್ಪು. ಸಮುದ್ರದ ಕಣ್ಣಿಗೆ ಕಾಣದ ಪಾಚಿ, ಸೂಕ್ಷ್ಮಜೀವಿಗಳು ಸತ್ತು ತಳ ಸೇರಿ, ಮಣ್ಣಲ್ಲಿ ಹೂತು, ನೆಲದಾಳದ ಬಿಸಿಗೆ ಎಣ್ಣೆಯಾದವು, ಅನಿಲವಾದವು. ಎರಡರಲ್ಲೂ ಇರೋದು ಒಂದೇ, ಆವತ್ತಿನ ಬಿಸಿಲು.

ಹಾಗಾದರೆ ನಮ್ಮ ಕರ್ನಾಟಕದಲ್ಲಿ ಒಂದೇ ಒಂದು ಕಲ್ಲಿದ್ದಲು ಗಣಿ ಯಾಕಿಲ್ಲ? ಚಿನ್ನ ಸಿಕ್ಕಿತು, ಕಬ್ಬಿಣ ಸಿಕ್ಕಿತು, ಇದು ಯಾಕೆ ಸಿಗಲಿಲ್ಲ? ಕಾರಣ ನಮ್ಮ ಬಂಡೆಗಳ ವಯಸ್ಸು. ಭೂವಿಜ್ಞಾನಿಗಳು ‘ಧಾರವಾಡ ಶಿಲೆ’ ಅಂತ ಕರೆಯುವ ಕಲ್ಲುಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ನೆರೆಯ ಬಾದಾಮಿಯ ಕೆಂಪು ಮರಳುಗಲ್ಲು ಕೂಡ ಭೂಮಿ ಮೇಲೆ ಮೊದಲ ಮರ ಹುಟ್ಟೋಕೂ ಮುಂಚಿನದು. ಮರವೇ ಇಲ್ಲದ ಕಾಲದ ಬಂಡೆಯಲ್ಲಿ ಇದ್ದಿಲು ಎಲ್ಲಿಂದ ಬರಬೇಕು ಹೇಳಿ?

ಈ ಸತ್ಯ ನಮ್ಮ ಹಿರಿಯರ ಬಾಯಲ್ಲೇ ಇತ್ತು. ‘ಸೀಮೆಎಣ್ಣೆ’ ಅನ್ನೋ ಪದ ನೋಡಿ. ಸೀಮೆಸುಣ್ಣ, ಸೀಮೆಬದನೆ ಇದ್ದ ಹಾಗೆ, ಸೀಮೆ ಅಂದರೆ ಪರದೇಶದ್ದು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಣ್ಣೆ ಬಾವಿ ಕೊರೆದ ಮೇಲೆ ಆ ಎಣ್ಣೆ ಹಡಗು ಹತ್ತಿ ಬಂತು. ರಷ್ಯಾದ ಬಾಕುವಿನಿಂದಲೂ ಬಂತು. ನಮ್ಮದೇ ಅಸ್ಸಾಮಿನ ಡಿಗ್ಬೋಯಿಯಲ್ಲಿ ಸಂಸ್ಕರಣಾ ಘಟಕ ಶುರುವಾಗಿದ್ದು 1901ರಲ್ಲಿ. ಉತ್ತರ ಕರ್ನಾಟಕದ ಮಂದಿ ಅದನ್ನ ಚಿಮಣಿ ಎಣ್ಣೆ ಅಂದರು. ಕುಸುಬಿ, ಔಡಲ ಎಣ್ಣೆಯ ಹಣತೆ ಹಿಂದೆ ಸರಿಯಿತು, ಕಂದೀಲು ಬಂತು. ನಾನೂ ಅಕ್ಷರ ತಿದ್ದಿದ್ದು ಆ ಬೆಳಕಲ್ಲೇ. ಬೆಳಗ್ಗೆ ಎದ್ದರೆ ಮೂಗಿನ ತುಂಬ ಮಸಿ! ರೇಷನ್ ಅಂಗಡಿ ಮುಂದೆ ಡಬ್ಬಿ ಹಿಡಿದು ಪಾಳಿ ನಿಂತದ್ದು ನಿಮಗೂ ನೆನಪಿರಬಹುದು.

ಈ ಇಂಧನವನ್ನ ಬೈಯೋದು ಸುಲಭ. ಆದರೆ ಹಸಿ ಕಟ್ಟಿಗೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡ ನಮ್ಮಜ್ಜಿಯನ್ನ ಕೇಳಿದರೆ ಗ್ಯಾಸ್ ಸಿಲಿಂಡರ್ ಅಂದರೆ ಏನು ಅಂತ ಹೇಳುತ್ತಿದ್ದಳು. ಇವತ್ತು ರೋಣದ ಎರೆಹೊಲ ಉಳುವ ಟ್ರ್ಯಾಕ್ಟರಿಗೆ ಡೀಸೆಲ್. ಹೊಲಕ್ಕೆ ಚೆಲ್ಲುವ ಯೂರಿಯಾ ತಯಾರಾಗೋದು ನೈಸರ್ಗಿಕ ಅನಿಲದಿಂದ. ರಸ್ತೆಯ ಡಾಂಬರು, ನೀರಿನ ಪ್ಲಾಸ್ಟಿಕ್ ಕೊಡ, ಎರಡೂ ಪೆಟ್ರೋಲಿಯಂ. ಪಟ್ಟೇದಂಚು ಎಂಬ ಹತ್ತಿ ಸೀರೆಗೆ ಹೆಸರಾದ ಊರು ಗಜೇಂದ್ರಗಡ. ಅದೇ ಊರಿನ ಸಂತೆಯಲ್ಲಿ ಪಾಲಿಯೆಸ್ಟರ್ ಸೀರೆ ಕೊಂಡರೆ ನೀವು ಉಡೋದು ಎಣ್ಣೆಬಾವಿಯಿಂದ ಬಂದ ನೂಲು.

ಇಷ್ಟೆಲ್ಲ ಬಳಸುವ ನಾವು ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿಂದ ತರಿಸ್ತೀವಿ. 1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆದಾಗ ಕೆಲವೇ ತಿಂಗಳಲ್ಲಿ ಬೆಲೆ ನಾಲ್ಕು ಪಟ್ಟಾಯಿತು. ಎಲ್ಲೋ ದೂರದಲ್ಲಿ ಯುದ್ಧ, ಇಲ್ಲಿ ಬಸ್ ಚಾರ್ಜು ದುಬಾರಿ. ಆ ಭಯಕ್ಕೇ ಈಗ ಮಂಗಳೂರಲ್ಲಿ 15 ಲಕ್ಷ ಟನ್, ಉಡುಪಿ ಹತ್ತಿರದ ಪಾದೂರಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವಂತೆ ಬಂಡೆ ಕೊರೆದು ಉಗ್ರಾಣ ಮಾಡಿದ್ದಾರೆ. ವಿಚಿತ್ರ ನೋಡಿ. ಎಣ್ಣೆ ಹುಟ್ಟಿಸಲಾಗದ ನಮ್ಮ ಹಳೇ ಬಂಡೆ, ಕೊಂಡು ತಂದ ಎಣ್ಣೆಯನ್ನ ಕಾಪಾಡ್ತಿದೆ.

ಕರೆಂಟಿನ ಕಥೆಯೂ ಇದೇ. 1902ರಲ್ಲಿ ಶಿವನಸಮುದ್ರದ ನೀರಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ನಾಡು ನಮ್ಮದು. ಆದರೆ ಮಳೆ ಕೈಕೊಟ್ಟರೆ ನೀರಿನ ಕರೆಂಟೂ ಕೈಕೊಡುತ್ತೆ. ಹಾಗಾಗಿ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡೋಕೆ ಶುರುಮಾಡಿದೆವು. ಅಲ್ಲಿನ ಎಂಟು ಘಟಕ ಸೇರಿದರೆ 1720 ಮೆಗಾವ್ಯಾಟ್. ಅದಕ್ಕೆ ಬೇಕಾದ ಇದ್ದಿಲು ರೈಲಿನಲ್ಲಿ ಬರಬೇಕು, ಹೊರ ರಾಜ್ಯಗಳಿಂದ.

ಈಗ ಗುಡ್ಡದ ಮೇಲಿನ ಆ ಪ್ರಶ್ನೆಗೆ ಬರ್ತೀನಿ. ಗಾಳಿಯಂತ್ರದ ಕರೆಂಟು ನೇರವಾಗಿ ಕೆಳಗಿನ ಹೊಲಕ್ಕೆ ಇಳಿಯಲ್ಲ, ಗ್ರಿಡ್ಡಿಗೆ ಹೋಗಿ ಎಲ್ಲರದರ ಜೊತೆ ಬೆರೆಯುತ್ತೆ. ಮಳೆಗಾಲದಲ್ಲಿ ಗಾಳಿ ಜೋರು, ಬೇರೆ ತಿಂಗಳಲ್ಲಿ ಕಮ್ಮಿ. ಗಾಳಿ ನಿಂತಾಗ ಮತ್ತೆ ಕಲ್ಲಿದ್ದಲೇ ಗತಿ. ಆ ರೆಕ್ಕೆಯ ರಾಳ ಕೂಡ ಪೆಟ್ರೋಲಿಯಂನಿಂದಲೇ ಬಂದಿದ್ದು, ಅದನ್ನ ಗುಡ್ಡ ಹತ್ತಿಸಿದ್ದು ಡೀಸೆಲ್ ಲಾರಿ. ಎಂಜಿನಿಯರು ಕೊಡುವ ಈ ಉತ್ತರ ಸರಿಯೇ.

ಆದರೆ ಅಜ್ಜ ಕೇಳಿದ್ದು ಎಂಜಿನಿಯರಿಂಗ್ ಅಲ್ಲ, ನ್ಯಾಯ. 25 ಕೋಟಿ ವರ್ಷದ ಬಿಸಿಲನ್ನ ನಾವು ಇನ್ನೂರು ಮುನ್ನೂರು ವರ್ಷದಲ್ಲಿ ಉರಿಸಿ ಮುಗಿಸ್ತಿದ್ದೀವಿ, ಅದರ ಹೊಗೆ ನಮ್ಮ ಮುಂಗಾರನ್ನೇ ಏರುಪೇರು ಮಾಡ್ತಿದೆ. ಅದರ ಪೆಟ್ಟು ಮೊದಲು ಬೀಳೋದು ಮಳೆ ನಂಬಿದ ಇಂಥ ಸೀಮೆಗೇ. ನೂರೈವತ್ತು ವರ್ಷ ಪರದೇಶದ ಎಣ್ಣೆ, ಪರರಾಜ್ಯದ ಇದ್ದಿಲು ನಂಬಿದ ಈ ನೆಲಕ್ಕೆ ಈಗ ತನ್ನದೇ ಅಂತ ಹೇಳಿಕೊಳ್ಳೋ ಒಂದು ಶಕ್ತಿ ಸಿಕ್ಕಿದೆ. ಅದನ್ನ ಕೊಡುವ ಗುಡ್ಡದ ಬುಡದಲ್ಲಿರೋ ರೈತ ಹಾವು ಚೇಳಿನ ನಡುವೆ, ನಡುರಾತ್ರಿ ಬ್ಯಾಟರಿ ಹಿಡಿದು ನೀರು ಹಾಯಿಸಬೇಕಾ? ಹಗಲು ಹೊತ್ತಿನ ಕರೆಂಟಿಗೆ ಮೊದಲ ಹಕ್ಕು ಅವನದಲ್ವಾ?

ಅಜ್ಜಾರ, ಅವತ್ತು ನಿಮಗೆ ಉತ್ತರ ಕೊಡೋಕೆ ನನಗೆ ಆಗಲಿಲ್ಲ. ನಿಮ್ಮ ಲೆಕ್ಕ ಸರಿ ಇದೆ. ತಪ್ಪಿರೋದು ನಮ್ಮ ಹಂಚಿಕೆಯಲ್ಲಿ.