ಕಾಣದ ನೋವಿಗೆ ಪುರಾವೆ: ಸಿಕಲ್ ಸೆಲ್ ಕಾಯಿಲೆ ಮತ್ತು ಅಂಗವೈಕಲ್ಯದ ಕಾನೂನು

ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಸಿಕಲ್ ಸೆಲ್ ಲಕ್ಷಣವಿದೆಯೆಂದು ಸಂಶೋಧಕರಾದ ಲೇಮನ್ ಮತ್ತು ಕಟ್‌ಬುಷ್ 1952ರಲ್ಲಿ ವರದಿ ಮಾಡಿದರು. ಸಿಕಲ್ ಸೆಲ್ ಕಾಯಿಲೆಗೆ ಅಂಗವೈಕಲ್ಯದ ಕಾನೂನಿನಲ್ಲಿ ಜಾಗ ಸಿಕ್ಕಿದ್ದು 2016ರಲ್ಲಿ. 1995ರ ಕಾಯ್ದೆ ಗುರುತಿಸಿದ್ದ ವೈಕಲ್ಯಗಳು 7. ಹೊಸ ಕಾಯ್ದೆ ಅವನ್ನು 21ಕ್ಕೆ ಏರಿಸಿ ಹಿಮೋಫಿಲಿಯಾ, ಥಲಸ್ಸೀಮಿಯಾಗಳ ಜೊತೆ ಸಿಕಲ್ ಸೆಲ್ ಅನ್ನೂ ಸೇರಿಸಿತು. ಆದರೂ ಹೊರಗೆ ಕಾಣದ ನೋವನ್ನು ನಂಬುವ ವಿಧಾನವನ್ನು ನಮ್ಮ ವ್ಯವಸ್ಥೆ ಇನ್ನೂ ರೂಪಿಸಿಕೊಂಡಿಲ್ಲ ಎಂಬುದು ಈ ಲೇಖನದ ವಾದ.

ಈ ಕಾಯಿಲೆಯಲ್ಲಿ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಗಡುಸಾಗುತ್ತದೆ, ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಕಣ ಸುಮಾರು 120 ದಿನ ಬಾಳಿದರೆ ಇದು 10ರಿಂದ 20 ದಿನ. ರಕ್ತ ತಲುಪದ ಮೂಳೆಯಲ್ಲಿ ಏಳುವ ನೋವು ಕೆಲವು ಗಂಟೆಗಳಿಂದ ಹಲವು ದಿನಗಳವರೆಗೆ ಕಾಡುತ್ತದೆ. ಗಾಯವಿಲ್ಲ, ಎಷ್ಟೋ ಸಲ ಊತವೂ ಇಲ್ಲ. ನೋವು ಇಳಿದ ಮೇಲೆ ಅದೇ ಮನುಷ್ಯ ಎದ್ದು ನಡೆದಾಡುತ್ತಾನೆ, ಅನುಮಾನ ಹುಟ್ಟುವುದೂ ಅಲ್ಲೇ. ‘ನೆನ್ನೆ ಚೆನ್ನಾಗಿದ್ದೆಯಲ್ಲ’ ಎಂಬ ಮಾತಿಗೆ ಅವನಲ್ಲಿ ಉತ್ತರವಿರುವುದಿಲ್ಲ.

ಚಳಿ, ನೀರಡಿಕೆ, ಸೋಂಕು, ದಣಿವು ನೋವನ್ನು ಕೆರಳಿಸುತ್ತವೆ. ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲು ನಡೆಯುವುದು ಚಳಿಗಾಲದಲ್ಲಿ. ಆ ಕೆಲಸಕ್ಕೆ ಹೋಗುವವರಲ್ಲಿ ಬುಡಕಟ್ಟಿನವರಾದ ಯರವರು, ಜೇನುಕುರುಬರು ಇದ್ದಾರೆ. ದಿನಗೂಲಿಯಲ್ಲಿ ಕಾಯಿಲೆಯ ರಜೆ ಎಂಬುದಿಲ್ಲ. ಹೆಚ್ಚು ನೀರು ಕುಡಿ, ಬೆಚ್ಚಗಿರು, ದಣಿಯಬೇಡ ಎಂಬ ವೈದ್ಯರ ಸಲಹೆ ಸರಿಯಾದದ್ದೇ. ಆದರೆ ಅದನ್ನು ಪಾಲಿಸುವ ಅನುಕೂಲ ಕೂಲಿಯವರಿಗೆ ಇರುವುದಿಲ್ಲ.

ಕಾನೂನಿನ ಸವಲತ್ತು ಪಡೆಯಲು ಕನಿಷ್ಠ 40 ಪ್ರತಿಶತ ವೈಕಲ್ಯದ ಪ್ರಮಾಣಪತ್ರ ಬೇಕು. ಏರಿಳಿಯುವ ನೋವನ್ನು ಸ್ಥಿರವಾದ ಒಂದು ಅಂಕಿಗೆ ಇಳಿಸುವುದೇ ಕಷ್ಟ. ಅದಕ್ಕಿಂತ ದೊಡ್ಡ ಕೊರತೆ ಕಾಯ್ದೆಯೊಳಗೇ ಇದೆ. ಉನ್ನತ ಶಿಕ್ಷಣದ 5 ಪ್ರತಿಶತ ಮೀಸಲಾತಿ ರಕ್ತದ ಕಾಯಿಲೆಯವರಿಗೂ ಸಲ್ಲುತ್ತದೆ. ಆದರೆ ಸರ್ಕಾರಿ ಉದ್ಯೋಗದ 4 ಪ್ರತಿಶತ ಮೀಸಲಾತಿಗಾಗಿ 34ನೆಯ ಕಲಂ ಹೆಸರಿಸಿದ ವರ್ಗಗಳಲ್ಲಿ ರಕ್ತದ ಕಾಯಿಲೆಗಳಿಲ್ಲ. ಓದಲು ದಾರಿ ಮಾಡಿಕೊಟ್ಟು ದುಡಿಮೆಯ ಬಾಗಿಲಲ್ಲಿ ಕೈಬಿಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು, ಕರ್ನಾಟಕವೂ ಅದರಲ್ಲಿದೆ. ತಪಾಸಣೆ ಬೇಕೇ ಬೇಕು. ಆದರೆ ರಕ್ತಪರೀಕ್ಷೆ ಕಾಯಿಲೆ ಇದೆಯೆಂದು ಹೇಳುತ್ತದೆ, ಎಷ್ಟು ದಿನದ ದುಡಿಮೆ ಹೋಯಿತೆಂದು ಹೇಳುವುದಿಲ್ಲ. ಪ್ರಮಾಣಪತ್ರ ಕೊಡುವವರು ರೋಗಿಯ ಇಡೀ ವರ್ಷದ ನೋವಿನ ದಾಖಲೆಯನ್ನು ನೋಡಬೇಕು. ಹಾಡಿಯಿಂದ ಆಸ್ಪತ್ರೆಗೆ ಬಾರದೆ ಮನೆಯಲ್ಲೇ ನುಂಗಿಕೊಂಡ ನೋವು ಯಾವ ಕಡತಕ್ಕೂ ಸೇರದ ಕಾರಣ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯ ಬರಹವನ್ನೂ ಅಲ್ಲಿ ಪುರಾವೆಯೆಂದು ಒಪ್ಪಬೇಕು.